ಅಕ್ಟೋಬರ್ ಎಲ್ಲರಿಗೂ ನೆನಪು, ಏಪ್ರಿಲ್ ಯಾರಿಗೆ?

ಎಲ್ಲರಿಗೂ ನಮಸ್ಕಾರ. ಭಾನುವಾರ ಸಂಜೆ ಕ್ರಿಕೆಟ್ ಬಿಟ್ಟು ರಗ್ಬಿ ಮಾತು ಕೇಳೋಕೆ ಇಷ್ಟು ಜನ ಬಂದಿದ್ದೀರಿ. ವೇಲ್ಸ್‌ನ ಒಂದು ಊರಿನ ತಂಡ 1972ರ ಅಕ್ಟೋಬರ್‌ನಲ್ಲಿ ಆಡಿದ ಒಂದು ಪಂದ್ಯ ಎಲ್ಲರಿಗೂ ನೆನಪಿದೆ, ಮರುವರ್ಷದ ಏಪ್ರಿಲ್‌ನಲ್ಲಿ ಆಡಿದ್ದು ನೆನಪಿಲ್ಲ. ಇವತ್ತಿನ ಮಾತು ಅದರದ್ದೇ. ಕಾಫಿ ಆಸೆಗೇ ಬಂದಿದ್ದರೂ ಪರವಾಗಿಲ್ಲ. ಅದನ್ನು ಕೊನೆಗೆ ಇಟ್ಟಿದ್ದಾರೆ, ಹಾಗಾಗಿ ಯಾರೂ ಮಧ್ಯದಲ್ಲಿ ಏಳುವಂತಿಲ್ಲ.

ನಮ್ಮ ಅಜ್ಜಿ ಇದ್ದಾಗ ಬೀದಿಗೆ ಕಲಾಯಿಯವರು ಬರುತ್ತಿದ್ದರು. ಮನೆ ಮುಂದೆ ಚಿಕ್ಕ ಗುಂಡಿ ತೋಡಿ, ಇದ್ದಲು ಸುರಿದು, ತಿದಿ ಒತ್ತುತ್ತಿದ್ದರು. ಹಿತ್ತಾಳೆ ಪಾತ್ರೆ ಕಾದ ಮೇಲೆ ನವಸಾಗರದ ಪುಡಿ ಉದುರಿಸಬೇಕು. ಗಂಟಲು ಕೆರೆಯುವ ಬಿಳಿ ಹೊಗೆ ಏಳುತ್ತಿತ್ತು. ಆಮೇಲೆ ತವರದ ಕಡ್ಡಿಯಿಂದ ಒಂದು ಗೀಟು ಎಳೆದು, ಹತ್ತಿಯಲ್ಲಿ ಸರಸರ ಒರೆಸಿದರೆ ಮುಗಿಯಿತು, ಪಾತ್ರೆ ಬೆಳ್ಳಿ ಬೆಳ್ಳಿ.

ವೇಲ್ಸ್ ದೇಶದ ನೈಋತ್ಯ ಮೂಲೆಯಲ್ಲಿ ಒಂದು ಊರಿದೆ. ಕಲಾಯಿ ಹಾಕುವ ಈ ಕೆಲಸವನ್ನು ಕಾರ್ಖಾನೆ ಕಟ್ಟಿ ಮಾಡಿದ ಊರು ಅದು. ಅಲ್ಲಿ ಪಾತ್ರೆಗಲ್ಲ, ಕಬ್ಬಿಣದ ತೆಳು ತಗಡಿಗೆ ತವರದ ಲೇಪ. ಡಬ್ಬಿಗಳಿಗೆ ಬೇಕಾದ ತಗಡು. ಒಂದು ಕಾಲದಲ್ಲಿ ಆ ಊರನ್ನು 'ಟಿನೊಪೊಲಿಸ್' ಅಂತಲೇ ಕರೆಯುತ್ತಿದ್ದರು. ತವರದ ಪಟ್ಟಣ.

ಊರಿನ ಹೆಸರು ಲನೆಲ್ಲಿ. ಹಾಗಂತ ಬರೆದೆ, ಆದರೆ ಅದು ಸರಿಯಲ್ಲ. ವೇಲ್ಸ್ ಭಾಷೆಯಲ್ಲಿ ಒಂದು ವಿಚಿತ್ರ ಸದ್ದಿದೆ. ನಾಲಿಗೆಯನ್ನು 'ಲ' ಅನ್ನುವ ಜಾಗದಲ್ಲೇ ಇಟ್ಟುಕೊಂಡು, ದನಿ ಹೊರಡಿಸದೆ, ಎರಡೂ ಪಕ್ಕದಿಂದ ಗಾಳಿ ಊದಬೇಕು. ಈ ಊರಿನ ಹೆಸರಲ್ಲಿ ಅದು ಎರಡು ಸಲ ಬರುತ್ತದೆ. ನಮ್ಮ ಲಿಪಿಯಲ್ಲಿ ಲ ಇದೆ, ಳ ಇದೆ, ಇದೊಂದು ಮಾತ್ರ ಇಲ್ಲ. ಸುಮ್ನೆ ಒಮ್ಮೆ ಮನಸ್ಸಲ್ಲೇ ಊದಿ ನೋಡಿ. ಪಕ್ಕದವರಿಗೆ ಉಗುಳು ಹಾರದಿದ್ದರೆ ಸಾಕು.

ಈ ಊರಿನ ರಗ್ಬಿ ಕ್ಲಬ್ ಶುರುವಾದದ್ದು 1872ರಲ್ಲಿ. ಕೆಂಪು ಅಂಗಿ, ಅದಕ್ಕೇ 'ಸ್ಕಾರ್ಲೆಟ್ಸ್' ಅನ್ನುವ ಅಡ್ಡಹೆಸರು. ಮೈದಾನದ ಹೆಸರು ಸ್ಟ್ರೇಡಿ ಪಾರ್ಕ್. ಅಲ್ಲಿನ ಗೋಲ್ ಕಂಬಗಳ ತುದಿಯಲ್ಲಿ ಏನಿತ್ತು ಗೊತ್ತಾ? ಸಾಸ್‌ಪ್ಯಾನ್! ಹಾಲು ಕಾಯಿಸುತ್ತೀವಲ್ಲ, ಹಿಡಿ ಇರುವ ಪಾತ್ರೆ, ಅದೇ. ಕೆಂಪು ಬಣ್ಣ ಬಳಿದು ಕಂಬದ ತಲೆಗೆ ಕವುಚಿ ಹಾಕುತ್ತಿದ್ದರು. ಪ್ರೇಕ್ಷಕರ ಹಾಡು ಕೂಡ ಅದೇ, 'ಸೊಸ್ಬಾನ್ ವಾಖ್', ಪುಟ್ಟ ಸಾಸ್‌ಪ್ಯಾನ್. ಹಾಡಿನಲ್ಲಿ ಯುದ್ಧವಿಲ್ಲ, ವೀರರಿಲ್ಲ. ಮೇರಿ ಆನ್ ಬೆರಳಿಗೆ ನೋವಾಗಿದೆ, ಆಳು ಡೇವಿಡ್‌ಗೆ ಹುಷಾರಿಲ್ಲ, ತೊಟ್ಟಿಲಲ್ಲಿ ಮಗು ಅಳುತ್ತಿದೆ, ಬೆಕ್ಕು ಪರಚಿದೆ, ಒಲೆ ಮೇಲೆ ಏನೋ ಕುದಿಯುತ್ತಿದೆ. ಅಷ್ಟೇ. ಒಂದು ಮನೆಯ ಗಡಿಬಿಡಿ. ಅದನ್ನು ಸಾವಿರಾರು ಗಂಡಸರು ಒಟ್ಟಿಗೆ ಗಂಟಲು ಬಿಟ್ಟು ಹಾಡಿದರೆ ಎದುರಾಳಿಗೆ ನಡುಕ ಬರುತ್ತದೆ. ನನಗೆ ಈ ಊರು ಇಷ್ಟವಾಗೋಕೆ ಅರ್ಧ ಕಾರಣ ಈ ಹಾಡು.

ಈಗ ವಿಷಯಕ್ಕೆ ಬರುತ್ತೇನೆ. 1972–73ರ ಸೀಸನ್. ಕ್ಲಬ್‌ಗೆ ನೂರು ವರ್ಷ.

ಮೊದಲು ಒಂದು ಮಾತು ತಿಳಿದಿರಬೇಕು. ಆಗ ವೇಲ್ಸ್‌ನಲ್ಲಿ ಲೀಗ್ ಅನ್ನುವುದು ಇರಲಿಲ್ಲ. ಅಧಿಕೃತ ಲೀಗ್ ಬಂದದ್ದು 1990ರಲ್ಲಿ. ಅಲ್ಲಿಯವರೆಗೆ ಕ್ಲಬ್‌ಗಳೇ ಮಾತಾಡಿಕೊಂಡು ಪಂದ್ಯ ಗೊತ್ತು ಮಾಡಿಕೊಳ್ಳುತ್ತಿದ್ದವು. ಯಾರು ಮೇಲು ಅಂತ ಪತ್ರಿಕೆಯವರು ಲೆಕ್ಕ ಹಾಕುತ್ತಿದ್ದರು. ದುಡ್ಡೂ ಇಲ್ಲ. ಈ ಆಟ 1995ರವರೆಗೆ ಹವ್ಯಾಸಿಗಳದ್ದು. ನಾಯಕ ಡೆಲ್ಮೆ ಥಾಮಸ್ ವಿದ್ಯುತ್ ಮಂಡಳಿಯ ನೌಕರ. ಫಿಲ್ ಬೆನೆಟ್ ಉಕ್ಕಿನ ಕಾರ್ಖಾನೆಯಲ್ಲಿ ದುಡಿದವರು. ರಾಯ್ ಬರ್ಜಿಯರ್ಸ್ ಮೇಷ್ಟ್ರು. ಹಗಲು ಕೆಲಸ, ಸಂಜೆ ಕೆಸರು.

ಹೀಗಿರುವಾಗ 1971–72ರಲ್ಲಿ ವೇಲ್ಸ್ ರಗ್ಬಿ ಯೂನಿಯನ್ ಒಂದು ಕಪ್ ಶುರು ಮಾಡಿತು. ಸೋತರೆ ಮನೆಗೆ. ಮೊದಲ ವರ್ಷದ ಫೈನಲ್‌ಗೆ ಲನೆಲ್ಲಿ ಬಂತು, ನೀತ್ ಕ್ಲಬ್ ಎದುರು 9–15ರಿಂದ ಸೋತಿತು. ಈ ಸೋಲನ್ನು ಸ್ವಲ್ಪ ಪಕ್ಕಕ್ಕೆ ಎತ್ತಿಡಿ, ಆಮೇಲೆ ಬೇಕಾಗುತ್ತದೆ.

ತಂಡದ ಕೋಚ್ ಕಾರ್ವಿನ್ ಜೇಮ್ಸ್. ಗಣಿ ಕಾರ್ಮಿಕನ ಮಗ, ವೇಲ್ಸ್ ಭಾಷೆಯ ಮೇಷ್ಟ್ರು. ನೌಕಾಪಡೆಯಲ್ಲಿದ್ದಾಗ ರಷ್ಯನ್ ಕಲಿತಿದ್ದರು. 1970ರಲ್ಲಿ ವೇಲ್ಸ್ ರಾಷ್ಟ್ರೀಯವಾದಿ ಪಕ್ಷದಿಂದ ಇದೇ ಊರಲ್ಲಿ ಪಾರ್ಲಿಮೆಂಟ್ ಚುನಾವಣೆಗೆ ನಿಂತು ಸೋತಿದ್ದರು. ಮರುವರ್ಷ ಬ್ರಿಟಿಷ್ ಲಯನ್ಸ್, ಅಂದರೆ ಬ್ರಿಟನ್ ಮತ್ತು ಐರ್ಲೆಂಡ್‌ನ ಆಯ್ದ ಆಟಗಾರರ ತಂಡವನ್ನು ನ್ಯೂಜಿಲೆಂಡ್‌ಗೆ ಕರೆದುಕೊಂಡು ಹೋಗಿ ಸರಣಿ ಗೆದ್ದು ಬಂದರು. ಅಲ್ಲಿ ಲಯನ್ಸ್ ಸರಣಿ ಗೆದ್ದದ್ದು ಅದೊಂದೇ ಸಲ. ಅಂಥವರಿಗೆ ವೇಲ್ಸ್ ತಂಡದ ಕೋಚ್ ಆಗುವ ಯೋಗ ಕೊನೆಗೂ ಬರಲಿಲ್ಲ. ನನ್ನನ್ನು ಕೇಳಿದರೆ, ಹಿತ್ತಲ ಗಿಡ ಮದ್ದಲ್ಲ ಅನ್ನುವ ನಮ್ಮ ಗಾದೆ ಅಲ್ಲಿಗೂ ಹೋಗಿತ್ತು.

1972ರ ಅಕ್ಟೋಬರ್ 31, ಮಂಗಳವಾರ. ನ್ಯೂಜಿಲೆಂಡ್‌ನ ಆಲ್ ಬ್ಲ್ಯಾಕ್ಸ್ ಸ್ಟ್ರೇಡಿ ಪಾರ್ಕ್‌ಗೆ ಬಂದರು. ಕೆಲಸದ ದಿನ. ಆದರೂ ಸುಮಾರು 20 ಸಾವಿರ ಜನ. ಒಂದು ದೇಶದ ತಂಡದ ಎದುರು ಒಂದು ಊರಿನ ತಂಡ.

ಮೈದಾನಕ್ಕೆ ಇಳಿಯುವ ಮುಂಚೆ ಡೆಲ್ಮೆ ಥಾಮಸ್ ತಮ್ಮ ಹುಡುಗರ ಜೊತೆ ಮಾತಾಡಿದರು. ಮೂರು ಲಯನ್ಸ್ ಪ್ರವಾಸ ಮಾಡಿದ ಮನುಷ್ಯ, ವೇಲ್ಸ್‌ಗೆ ಆಡಿದವರು. ಇಷ್ಟೆಲ್ಲ ಸಿಕ್ಕಿದೆ, ಆದರೆ ಇವತ್ತು ಇಲ್ಲಿ, ನಮ್ಮವರ ಮುಂದೆ ಗೆಲ್ಲುವುದಾದರೆ ಅಷ್ಟನ್ನೂ ವಾಪಸ್ ಕೊಟ್ಟುಬಿಡುತ್ತೇನೆ ಅನ್ನುವ ಅರ್ಥದ ಮಾತು. ದಪ್ಪ ಕತ್ತಿನ ಗಂಡಸರು ಕಣ್ಣೊರೆಸಿಕೊಂಡು ಹೊರಗೆ ಬಂದರಂತೆ.

ಆಟ ಶುರುವಾಗಿ ಹೆಚ್ಚು ಹೊತ್ತಾಗಿರಲಿಲ್ಲ. ದೂರದಿಂದ ಬೆನೆಟ್ ಪೆನಾಲ್ಟಿ ಒದ್ದರು. ಎದುರಾಳಿ ತಪ್ಪು ಮಾಡಿದರೆ ಸಿಗುವ ಒದೆತ ಅದು, ಕಂಬಗಳ ನಡುವೆ ಹೋದರೆ 3 ಅಂಕ. ಚೆಂಡು ಗೋಲ್‌ನ ಅಡ್ಡಪಟ್ಟಿಗೆ ಬಡಿದು ವಾಪಸ್ ಬಿತ್ತು. ಹೋಯಿತು ಅಂದುಕೊಂಡರು ಜನ. ನ್ಯೂಜಿಲೆಂಡ್‌ನ ಲಿನ್ ಕಾಲಿಂಗ್ ಅದನ್ನು ಹಿಡಿದು ಆಚೆ ಒದೆಯೋಕೆ ಹೋದರು. ಅಷ್ಟರಲ್ಲಿ ಬರ್ಜಿಯರ್ಸ್ ಓಡಿಬಂದು ಆ ಒದೆತಕ್ಕೇ ಮೈ ಕೊಟ್ಟರು. ಚೆಂಡು ಅವರಿಗೆ ಬಡಿದು ಗೆರೆಯ ಆಚೆಗೆ ಹಾರಿತು, ಅದರ ಮೇಲೆ ಬಿದ್ದರು. ಟ್ರೈ! ಎದುರಾಳಿಯ ಗೆರೆಯ ಆಚೆ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ಆಗ ಟ್ರೈಗೆ 4 ಅಂಕ, ಈಗ 5. ಟ್ರೈ ಆದ ಮೇಲೆ ಸಿಗುವ ಒದೆತದಲ್ಲಿ ಬೆನೆಟ್ ಅದರ ಮೇಲೆ 2 ಸೇರಿಸಿದರು. ನ್ಯೂಜಿಲೆಂಡ್‌ನ ಜೋ ಕ್ಯಾರಮ್ ಒಂದು ಪೆನಾಲ್ಟಿ ಒದ್ದು 6–3 ಮಾಡಿದರು. ಆಮೇಲೆ ಗಂಟೆಗಟ್ಟಲೆ ಅನ್ನಿಸುವಷ್ಟು ಹೊತ್ತು ಬರೀ ಟ್ಯಾಕಲ್, ಬರೀ ಕೆಸರು. ಕೊನೆಗೆ ಆಂಡಿ ಹಿಲ್ ಬಲು ದೂರದಿಂದ ಒಂದು ಪೆನಾಲ್ಟಿ ಒದ್ದು ಕಂಬಗಳ ನಡುವೆ ತೂರಿಸಿದರು. 9–3.

ಜನ ಮೈದಾನಕ್ಕೆ ನುಗ್ಗಿ ಡೆಲ್ಮೆ ಥಾಮಸ್‌ರನ್ನು ಹೆಗಲ ಮೇಲೆ ಹೊತ್ತರು. ಅವತ್ತು ರಾತ್ರಿ ಊರಿನ ಪಬ್‌ಗಳಲ್ಲಿ ಬಿಯರ್ ಖಾಲಿಯಾಯಿತು ಅಂತ ಇವತ್ತಿಗೂ ಹೇಳುತ್ತಾರೆ. ಒಂದು ತಿಂಗಳ ಮೇಲೆ, ಡಿಸೆಂಬರ್ 2ರಂದು, ಇದೇ ಆಲ್ ಬ್ಲ್ಯಾಕ್ಸ್ ಎದುರು ಇಡೀ ವೇಲ್ಸ್ ತಂಡ 16–19ರಿಂದ ಸೋತಿತು. ದೇಶಕ್ಕೆ ಆಗದ್ದು ಊರಿಗೆ ಆಯಿತು.

ಸಾಮಾನ್ಯವಾಗಿ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ನನ್ನ ತಕರಾರು ಇರುವುದು ಇಲ್ಲೇ.

ನವೆಂಬರ್ 1ರ ಬೆಳಗ್ಗೆ ಯೋಚಿಸಿ. ಸೀಸನ್ ಇನ್ನೂ ಆರು ತಿಂಗಳು ಬಾಕಿ. ಎಲ್ಲರೂ ತಲೆನೋವು ಇಟ್ಟುಕೊಂಡು ಕೆಲಸಕ್ಕೆ ಹೋಗಬೇಕು. ಇನ್ನು ಮೇಲೆ ಯಾವ ಊರಿಗೆ ಹೋದರೂ ಎದುರಿನವರಿಗೆ ಒಂದೇ ಹಟ: ಆಲ್ ಬ್ಲ್ಯಾಕ್ಸ್ ಸೋಲಿಸಿದವರನ್ನು ನಾವು ಸೋಲಿಸಬೇಕು. ಮದುವೆ ಮುಗಿದ ಮನೆ ನೋಡಿದ್ದೀರಲ್ಲ? ಚಪ್ಪರ ಇನ್ನೂ ಇರುತ್ತದೆ, ಬಾಳೆಕಂದು ಬಾಡಿರುತ್ತದೆ, ಪಾತ್ರೆ ತೊಳೆಯೋಕೆ ಯಾರೂ ಇರುವುದಿಲ್ಲ. ಅಂಥ ಹೊತ್ತು ಅದು. ಆಲ್ ಬ್ಲ್ಯಾಕ್ಸ್ ಎದುರು ಆಡಿದ ಚಿಕೊ ಹಾಪ್ಕಿನ್ಸ್ ಇಂಗ್ಲೆಂಡಿನ ಸ್ವಿಂಟನ್ ಕ್ಲಬ್‌ಗೆ ಹೋದರು. ಅವರದ್ದು 'ರಗ್ಬಿ ಲೀಗ್', ಅಂದರೆ ಬೇರೆ ನಿಯಮದ ಇನ್ನೊಂದು ಬಗೆಯ ರಗ್ಬಿ. ಅಲ್ಲಿ ಆಟಕ್ಕೆ ದುಡ್ಡು ಕೊಡುತ್ತಿದ್ದರು. ಆಗಿನ ನಿಯಮದಲ್ಲಿ ಒಮ್ಮೆ ಆ ಕಡೆ ಹೋದರೆ ಈ ಕಡೆ ಬಾಗಿಲು ಮುಚ್ಚಿದ ಹಾಗೇ.

ಜನವರಿ 27ರಂದು ವೇಲ್ಸ್ ರಾಜಧಾನಿ ಕಾರ್ಡಿಫ್‌ನಲ್ಲಿ ಬಾರ್ಬೇರಿಯನ್ಸ್ ಮತ್ತು ಆಲ್ ಬ್ಲ್ಯಾಕ್ಸ್ ಪಂದ್ಯ. ಬಾರ್ಬೇರಿಯನ್ಸ್ ಅಂದರೆ ಬೇರೆ ಬೇರೆ ಕ್ಲಬ್‌ಗಳ ಆಟಗಾರರನ್ನು ಆಹ್ವಾನಿಸಿ ಕಟ್ಟುವ ತಂಡ. ರಗ್ಬಿಯ ಅತಿ ಚೆಂದದ ಟ್ರೈ ಅಂತ ಜನ ಇಂಟರ್ನೆಟ್‌ನಲ್ಲಿ ಮತ್ತೆ ಮತ್ತೆ ನೋಡುವುದು ಆ ಪಂದ್ಯದ್ದು. ಮುಗಿಸಿದವರು ಗ್ಯಾರೆತ್ ಎಡ್ವರ್ಡ್ಸ್. ಆದರೆ ಶುರು ಮಾಡಿದ್ದು ಬೆನೆಟ್, ತಮ್ಮದೇ ಗೆರೆಯ ಹತ್ತಿರ ಎದುರಾಳಿಗಳನ್ನು ಎಡಕ್ಕೆ ಬಲಕ್ಕೆ ಕುಣಿಸಿ. ನಡುವೆ ಚೆಂಡು ದಾಟಿಸಿದವರಲ್ಲಿ ಟಾಮ್ ಡೇವಿಡ್, ಡೆರೆಕ್ ಕ್ವಿನೆಲ್ ಇದ್ದರು. ಮೂವರೂ ಲನೆಲ್ಲಿಯವರು. ಪಂದ್ಯಕ್ಕೆ ಮುಂಚೆ ಆಟಗಾರರ ಜೊತೆ ಮಾತಾಡೋಕೆ ಕರೆಸಿದ್ದು ಕಾರ್ವಿನ್ ಜೇಮ್ಸ್‌ರನ್ನೇ. ಅಂದರೆ ಈ ಊರಿನ ಹೊಳಪು ಇನ್ನೂ ಮಾಸಿರಲಿಲ್ಲ. ಆದರೆ ಊರಿನ ಕಪಾಟು ಖಾಲಿಯೇ ಇತ್ತು.

ಹಾಗಾಗಿ ನೀವು ಈಗ ನನ್ನ ಜೊತೆ 1973ರ ಏಪ್ರಿಲ್‌ಗೆ ಬನ್ನಿ. ಮತ್ತೆ ಕಪ್ ಫೈನಲ್. ಮತ್ತೆ ಅದೇ ಕಾರ್ಡಿಫ್ ಆರ್ಮ್ಸ್ ಪಾರ್ಕ್. ಎತ್ತಿಟ್ಟ ನೀತ್ ಸೋಲನ್ನು ಈಗ ಕೆಳಗಿಳಿಸಿ. ಈ ಸಲ ಎದುರಾಳಿ ಕಾರ್ಡಿಫ್. ಎಡ್ವರ್ಡ್ಸ್ ಅವರ ಕ್ಲಬ್, ರಾಜಧಾನಿಯ ಕ್ಲಬ್. ಫೈನಲ್ ನಡೆಯುವ ಮೈದಾನದ ಪಕ್ಕದಲ್ಲೇ ಅವರ ಸ್ವಂತ ಮೈದಾನ. ಆಲ್ ಬ್ಲ್ಯಾಕ್ಸ್ ಎದುರು ಸೋತಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಪಾಪ ಚೆನ್ನಾಗಿ ಆಡಿದರು ಅನ್ನುತ್ತಿದ್ದರು. ಇಲ್ಲಿ ಹಾಗಲ್ಲ. ಇಲ್ಲಿ ಸೋತರೆ ಅಕ್ಟೋಬರ್‌ನ ಗೆಲುವೇ ಅದೃಷ್ಟ ಅನ್ನಿಸಿಕೊಳ್ಳುತ್ತದೆ. ಅಡ್ಡಪಟ್ಟಿಗೆ ಬಡಿದ ಚೆಂಡು ಸರಿಯಾದ ಕಡೆ ಬಿತ್ತು, ಅಷ್ಟೇ ಅಂತ ಹೇಳೋಕೆ ಜನ ಕಾಯುತ್ತಿರುತ್ತಾರೆ. ಹೊರಗಿನವರ ಹತ್ತಿರ ಗೆಲ್ಲಬಹುದು ಸ್ವಾಮಿ, ದಾಯಾದಿಗಳ ಹತ್ತಿರ ಗೆಲ್ಲುವುದು ಕಷ್ಟ ಅಲ್ವಾ?

30–7. ಗೆದ್ದದ್ದು ಲನೆಲ್ಲಿ. ಅಡ್ಡಪಟ್ಟಿಯ ಲೆಕ್ಕ ಹೇಳೋಕೆ ಯಾರಿಗೂ ಜಾಗ ಬಿಡಲಿಲ್ಲ.

ಅಲ್ಲಿಗೆ ನಿಲ್ಲಲಿಲ್ಲ. 1974ರಲ್ಲಿ ಮತ್ತು 1975ರಲ್ಲಿ ಆಬರೇವನ್ ಎದುರು, 1976ರಲ್ಲಿ ಪಕ್ಕದ ಸ್ವಾನ್‌ಸೀ ಎದುರು, ಸಾಲಾಗಿ ನಾಲ್ಕು ಕಪ್. 1974ರದ್ದು 12–10, ಉಸಿರು ಬಿಗಿ ಹಿಡಿದು ಗೆದ್ದದ್ದು. ನನ್ನ ಪ್ರಕಾರ ಆ ತಂಡದ ನಿಜವಾದ ತೂಕ ಗೊತ್ತಾಗುವುದು ಈ ನಾಲ್ಕು ವರ್ಷದಲ್ಲಿ. ಒಂದು ಮಂಗಳವಾರ ಯಾರಿಗೆ ಬೇಕಾದರೂ ಒಲಿಯಬಹುದು.

ಆದರೂ ಊರಿನವರ ಎದೆಯಲ್ಲಿರುವುದು ಆ ಮಂಗಳವಾರವೇ. ನಾನು ವಾದ ಮಾಡಬಹುದು, ಗೆಲ್ಲಲಾರೆ. ಆ ದಿನ ಸೆಂಟರ್‌ನಲ್ಲಿ ಆಡಿದ ರೇ ಗ್ರಾವೆಲ್ ಆಮೇಲೆ ವೇಲ್ಸ್‌ನಲ್ಲಿ ಮನೆಮನೆಗೂ ಗೊತ್ತಿರುವ ದನಿಯಾದರು, ರೇಡಿಯೊದಲ್ಲಿ, ಟೀವಿಯಲ್ಲಿ. ಅವರು ತೀರಿಕೊಂಡದ್ದು 2007ರ ಅಕ್ಟೋಬರ್ 31ರಂದು. ಸರಿಯಾಗಿ 35 ವರ್ಷದ ಮೇಲೆ, ಅದೇ ದಿನ. ಸ್ಟ್ರೇಡಿ ಪಾರ್ಕ್‌ನಲ್ಲೇ ಅವರಿಗೆ ವಿದಾಯ ಹೇಳಿದರು, ಸಾವಿರಾರು ಜನ ಸೇರಿದ್ದರು. ಮರುವರ್ಷ ಆ ಮೈದಾನವೂ ಹೋಯಿತು. ಊರ ಹೊರಗೆ ಹೊಸದು ಕಟ್ಟಿದರು, ಪಾರ್ಕ್ ಅ ಸ್ಕಾರ್ಲೆಟ್ಸ್. ಅದರ ಮುಂದೆ ಗ್ರಾವೆಲ್ ಪ್ರತಿಮೆ ಇದೆ.

ಕಲಾಯಿ ಕೆಲಸ ಮಾತ್ರ ನಿಂತಿಲ್ಲ. ಟ್ರೋಸ್ಟ್ರೆ ಅನ್ನುವ ಕಾರ್ಖಾನೆ 1951ರಿಂದ ಅಲ್ಲಿ ತವರದ ತಗಡು ಮಾಡುತ್ತಿದೆ. 2007ರಿಂದ ಅದರ ಮಾಲೀಕರು ಯಾರು ಹೇಳಿ ನೋಡೋಣ? ನಮ್ಮ ಟಾಟಾ ಸ್ಟೀಲ್.

ಸರಿ, ಹಿಂದಿನ ಸಾಲಿನಲ್ಲಿ ಯಾರೋ ಆಗಲೇ ಕಾಫಿ ಕಡೆ ನೋಡುತ್ತಿದ್ದಾರೆ. ಪ್ರಶ್ನೆ ಇದ್ದರೆ ಕೇಳಿ. ಊರಿನ ಹೆಸರು ಸರಿಯಾಗಿ ಹೇಳಿ ಕೇಳಿದವರಿಗೆ ಮೊದಲ ಲೋಟ.