ಕೋಟಿ ಬಣ್ಣಗಳ ಹಿಂದಿನ ಲೆಕ್ಕ

ಎಲ್ಲರಿಗೂ ನಮಸ್ಕಾರ.

ಈ ಮೇಜಿನ ಮೇಲೆ ಎರಡು ಮಾನಿಟರ್ ಇಟ್ಟಿದ್ದೇನೆ. ಎರಡೂ ಒಂದೇ ಅಳತೆಯವು. 1920 ಪಿಕ್ಸೆಲ್ ಅಗಲ, 1080 ಪಿಕ್ಸೆಲ್ ಎತ್ತರ. ಎರಡರ ಡಬ್ಬದ ಮೇಲೂ ಒಂದೇ ಮಾತು ಅಚ್ಚಾಗಿದೆ: 16.7 ಮಿಲಿಯನ್ ಬಣ್ಣಗಳು. ನಮ್ಮ ಲೆಕ್ಕದಲ್ಲಿ 1 ಕೋಟಿ 67 ಲಕ್ಷ. ಆದರೂ ಇವೆರಡೂ ಒಂದೇ ಅಲ್ಲ.

ಎಡಗಡೆಯದನ್ನು ನಾನು ಫೋಟೊ ತಿದ್ದುವ ಕೆಲಸಕ್ಕೆಂದೇ ಕೊಂಡಿದ್ದೆ. ಡಬ್ಬದ ಮೇಲಿನ ಆ ಸಂಖ್ಯೆ ನೋಡಿಯೇ ಕೊಂಡೆ. ಒಂದು ರಾತ್ರಿ ಕತ್ತಲೆ ಕೋಣೆಯ ಫೋಟೊ ತೆರೆದು ಕೂತಿದ್ದೆ. ಗೋಡೆಯ ಕಡು ಬೂದು ಭಾಗದಲ್ಲಿ ಏನೋ ಸಣ್ಣಗೆ ಮಿಸುಕಾಡುತ್ತಿತ್ತು. ಹತ್ತಿರ ಹೋಗಿ ನೋಡಿದೆ. ಸಣ್ಣ ಇರುವೆಗಳು ಹರಿದಾಡಿದ ಹಾಗೆ ಕಾಣುತ್ತಿತ್ತು. ಫೋಟೊ ಅಂದರೆ ನಿಂತ ಚಿತ್ರ, ಅದು ಮಿಸುಕಾಡಬಾರದು ಅಲ್ವಾ? ಕ್ಯಾಮೆರಾ ಮೇಲೆ ಅನುಮಾನಪಟ್ಟೆ. ಕೇಬಲ್ ಬದಲಾಯಿಸಿದೆ. ಗ್ರಾಫಿಕ್ಸ್ ಕಾರ್ಡಿನ ಡ್ರೈವರ್ ತೆಗೆದು ಮತ್ತೆ ಹಾಕಿದೆ. ಎರಡು ವಾರ ಹೀಗೇ ಹೋಯಿತು. ಕೊನೆಗೆ ಆ ಮಾನಿಟರಿನ ಒಳಗಿರುವ ಪ್ಯಾನೆಲ್‌ನ, ಅಂದರೆ ಚಿತ್ರ ಮೂಡಿಸುವ ಹಲಗೆಯ, ತಾಂತ್ರಿಕ ವಿವರ ಸಿಕ್ಕಿತು. ಅದರಲ್ಲಿ ಒಂದೇ ಒಂದು ಸಾಲು: 6 ಬಿಟ್ + ಎಫ್‌ಆರ್‌ಸಿ. ಡಬ್ಬದ ಮೇಲೆ ಈ ಸಾಲು ಇರಲೇ ಇಲ್ಲ. ಇವತ್ತು ನಾನು ಮುಖ್ಯವಾಗಿ ಹೇಳಬೇಕಿರುವುದು ಆ ಒಂದು ಸಾಲಿನ ಬಗ್ಗೆ.

ಮೊದಲು ಈ 1 ಕೋಟಿ 67 ಲಕ್ಷ ಎಲ್ಲಿಂದ ಬಂತು ನೋಡೋಣ. ಪರದೆಯ ಪ್ರತಿ ಪಿಕ್ಸೆಲ್‌ನಲ್ಲೂ ಮೂರು ಭಾಗ ಇರುತ್ತವೆ. ಕೆಂಪು, ಹಸಿರು, ನೀಲಿ. ಒಂದೊಂದನ್ನೂ ಎಷ್ಟು ಹಂತದಲ್ಲಿ ಹೆಚ್ಚು ಕಡಿಮೆ ಮಾಡಬಹುದು ಅನ್ನುವುದೇ ಬಿಟ್ ಲೆಕ್ಕ. 8 ಬಿಟ್ ಅಂದರೆ 256 ಹಂತ. ಮೂರು ಬಣ್ಣಕ್ಕೂ ತಲಾ 256. 256 ಗುಣಿಸು 256 ಗುಣಿಸು 256. ಉತ್ತರ 1,67,77,216. ಅಷ್ಟೇ. ಮೂರು ಸಾಧಾರಣ ಸಂಖ್ಯೆಗಳನ್ನು ಗುಣಿಸಿದ್ದರಿಂದ ಕೋಟಿ ಬಂತು.

ಇಲ್ಲಿ ಒಂದು ವಿಷಯ ಗಮನಿಸಿ. ಈ ಪರದೆಯಲ್ಲಿರುವ ಪಿಕ್ಸೆಲ್‌ಗಳೇ ಒಟ್ಟು 20,73,600. ಒಂದೊಂದು ಪಿಕ್ಸೆಲ್‌ಗೂ ಬೇರೆ ಬೇರೆ ಬಣ್ಣ ಕೊಟ್ಟರೂ 21 ಲಕ್ಷ ಬಣ್ಣ ದಾಟುವುದಿಲ್ಲ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ ಪಿಕ್ಸೆಲ್ ಇರುತ್ತವೆ, ಅಲ್ಲೂ ಕೋಟಿ ಮುಟ್ಟುವುದಿಲ್ಲ. ಅಂದರೆ ಡಬ್ಬದ ಮೇಲಿನ ಅಷ್ಟೂ ಬಣ್ಣಗಳನ್ನು ಒಂದೇ ಸಲ ತೋರಿಸಲು ಈ ಪರದೆಗಳಲ್ಲಿ ಜಾಗವೇ ಇಲ್ಲ.

ಇನ್ನೊಂದು ಕಡೆಯಿಂದ ನೋಡಿ. ಬೂದು ಬಣ್ಣ ಬರಬೇಕಾದರೆ ಕೆಂಪು, ಹಸಿರು, ನೀಲಿ ಮೂರೂ ಸಮ ಇರಬೇಕು. ಹಾಗಾಗಿ 8 ಬಿಟ್ ಪರದೆಯಲ್ಲಿ ಕಪ್ಪಿನಿಂದ ಬಿಳುಪಿನವರೆಗೆ ಇರುವುದು ಬರೀ 256 ಛಾಯೆ. 1 ಕೋಟಿ 67 ಲಕ್ಷದಲ್ಲಿ ಅಪ್ಪಟ ಬೂದಿನ ಪಾಲು ಅಷ್ಟೇ! ಮಂಜು, ನೆರಳು, ಸುಣ್ಣ ಬಳಿದ ಗೋಡೆ, ಕಪ್ಪು ಬಿಳುಪು ಚಿತ್ರ, ಎಲ್ಲವೂ ಹೆಚ್ಚುಕಡಿಮೆ ಈ ಸಣ್ಣ ಗಂಟಿನಲ್ಲೇ ಸಂಸಾರ ಮಾಡಬೇಕು. ಕಣ್ಣು ಕೋಟಿ ಎಣಿಸುವುದಿಲ್ಲ. ಪಕ್ಕಪಕ್ಕದ ಎರಡು ಹಂತಗಳ ನಡುವೆ ಅಂಚು ಕಾಣುತ್ತದಾ ಇಲ್ವಾ, ಅದಷ್ಟನ್ನೇ ನೋಡುತ್ತದೆ.

ಪರದೆಯ ಎಡ ತುದಿಯಿಂದ ಬಲ ತುದಿಗೆ ಕಪ್ಪಿನಿಂದ ಬಿಳುಪಿಗೆ ಹೋಗುವ ಒಂದು ಪಟ್ಟಿ ಬರೆದುಕೊಳ್ಳಿ. 1920 ಪಿಕ್ಸೆಲ್ ಅಗಲದಲ್ಲಿ 256 ಹಂತ ಇಟ್ಟರೆ ಒಂದೊಂದು ಹಂತ ಏಳೂವರೆ ಪಿಕ್ಸೆಲ್ ಅಗಲ ಬರುತ್ತದೆ. ಕಣ್ಣಿಗೆ ಬಹುಮಟ್ಟಿಗೆ ನುಣ್ಣಗೆ ಕಾಣುತ್ತದೆ. 6 ಬಿಟ್ ಆದರೆ 64 ಹಂತ ಮಾತ್ರ. ಒಂದೊಂದೂ 30 ಪಿಕ್ಸೆಲ್ ಅಗಲ. ಆಗ ಅದು ನುಣುಪಾದ ಇಳಿಜಾರು ಅಲ್ಲ, ಮೆಟ್ಟಿಲು. ಸಂಜೆಯ ಆಕಾಶದಲ್ಲಿ ಪಟ್ಟೆ ಪಟ್ಟೆ ಕಾಣುವುದು ಇದಕ್ಕೇ. 64ನ್ನು ಮೂರು ಸಲ ಗುಣಿಸಿದರೆ ಬರುವುದು 2,62,144. ಎರಡೂವರೆ ಲಕ್ಷ ಬಣ್ಣ ಅಂತ ಡಬ್ಬದ ಮೇಲೆ ಹಾಕಿದರೆ ಯಾರು ಕೊಳ್ಳುತ್ತಾರೆ? ಅದಕ್ಕೇ ಎಫ್‌ಆರ್‌ಸಿ ಬಂತು.

ಎಫ್‌ಆರ್‌ಸಿ ಅಂದರೆ ಫ್ರೇಮ್ ರೇಟ್ ಕಂಟ್ರೋಲ್. ಫ್ರೇಮ್ ಅಂದರೆ ಪರದೆ ಒಂದು ಸಲ ಹೊಸದಾಗಿ ಮೂಡಿಸುವ ಚಿತ್ರ. ಅದರ ಕೆಲಸ ನಿಜಕ್ಕೂ ಚೆಂದ, ಸ್ವಲ್ಪ ನಿಧಾನವಾಗಿ ನೋಡೋಣ. ಕಂಪ್ಯೂಟರ್ 8 ಬಿಟ್ ಲೆಕ್ಕದಲ್ಲಿ 81ನೇ ಹಂತ ಕೊಡು ಅಂತ ಕೇಳುತ್ತದೆ. 256 ಹಂತ 64ಕ್ಕೆ ಇಳಿಯುವುದರಿಂದ 6 ಬಿಟ್ ಪ್ಯಾನೆಲ್‌ಗೆ ಅದನ್ನು ನಾಲ್ಕರಿಂದ ಭಾಗಿಸಬೇಕು. 20.25 ಬಂತು. ಆದರೆ ಪ್ಯಾನೆಲ್‌ಗೆ ಗೊತ್ತಿರುವುದು 20 ಮತ್ತು 21 ಮಾತ್ರ, ಕಾಲು ಗೊತ್ತಿಲ್ಲ. ಆಗ ಅದು ನಾಲ್ಕು ಫ್ರೇಮ್‌ಗಳಲ್ಲಿ ಮೂರು ಸಲ 20 ತೋರಿಸುತ್ತದೆ, ಒಂದು ಸಲ 21. ಇಷ್ಟು ಬೇಗ ಬದಲಾಗುವಾಗ ಕಣ್ಣು ನಾಲ್ಕನ್ನೂ ಬೆರೆಸಿ 20.25 ಅಂತಲೇ ಓದಿಕೊಳ್ಳುತ್ತದೆ. ಅಕ್ಕಪಕ್ಕದ ಪಿಕ್ಸೆಲ್‌ಗಳೆಲ್ಲ ಒಟ್ಟಿಗೇ 21ಕ್ಕೆ ಹಾರಿದರೆ ಪರದೆ ಮಿಣುಕಿದ ಹಾಗೆ ಕಾಣುತ್ತದೆ. ಅದಕ್ಕೆ ಒಂದೊಂದು ಪಿಕ್ಸೆಲ್‌ನ ಸರದಿಯನ್ನು ಹಿಂದೆ ಮುಂದೆ ಮಾಡಿರುತ್ತಾರೆ. ನಾನು ಗೋಡೆಯ ಮೇಲೆ ನೋಡಿದ ಇರುವೆಗಳು ಇವೇ. ಕಡು ಬಣ್ಣದಲ್ಲಿ ಒಂದು ಹಂತದಿಂದ ಮುಂದಿನ ಹಂತಕ್ಕೆ ಬೆಳಕು, ಮೊದಲು ಇದ್ದದ್ದಕ್ಕೆ ಹೋಲಿಸಿದರೆ, ಏರುವ ಪ್ರಮಾಣ ಜಾಸ್ತಿ. ಹಾಗಾಗಿ ಅಲ್ಲೇ ಮೊದಲು ಕಣ್ಣಿಗೆ ಬೀಳುತ್ತವೆ.

ಹಳೆಯ ಮಾನಿಟರ್‌ಗಳ ಡಬ್ಬದ ಮೇಲೆ 16.2 ಮಿಲಿಯನ್ ಅಂತ ಇರುತ್ತಿತ್ತು, ನೆನಪಿದೆಯಾ? ಅದು ಅಚ್ಚಿನ ತಪ್ಪಲ್ಲ. ಸೊನ್ನೆಯಿಂದ ಎಣಿಸಿದರೆ 6 ಬಿಟ್ ಪ್ಯಾನೆಲ್‌ನ ಕೊನೆಯ ಹಂತ 63. ನಾಲ್ಕರಿಂದ ಗುಣಿಸಿದರೆ 252. ಮುಂದಿನ 253, 254, 255 ತೋರಿಸಬೇಕಾದರೆ 63 ಮತ್ತು 64ರ ನಡುವೆ ಓಡಾಡಬೇಕು. 64 ಅನ್ನುವುದು ಅದರಲ್ಲಿ ಇಲ್ಲವೇ ಇಲ್ಲ. ಹೀಗೆ ಮೂರು ಹಂತ ಕೈತಪ್ಪಿ, ಸೊನ್ನೆಯೂ ಸೇರಿ 253 ಉಳಿದವು. 253ನ್ನು ಮೂರು ಸಲ ಗುಣಿಸಿ, 1,61,94,277 ಬರುತ್ತದೆ. ಅದೇ 16.2 ಮಿಲಿಯನ್. ಆ ದಿನಗಳ ಡಬ್ಬ ಒಂದು ರೀತಿಯಲ್ಲಿ ಪ್ರಾಮಾಣಿಕವಾಗಿತ್ತು. ಆ ಸಂಖ್ಯೆ ನೋಡಿದವರಿಗೆ ಒಳಗಿರುವುದು 6 ಬಿಟ್ ಅಂತ ತಿಳಿಯುತ್ತಿತ್ತು. ಆಮೇಲೆ ಇನ್ನೂ ಸಣ್ಣದಾಗಿ ಹಂಚುವ ವಿಧಾನಗಳು ಬಂದು ಆ ಮೂರು ಹಂತವೂ ತುಂಬಿಕೊಂಡವು. ಈಗ 6 ಬಿಟ್ ಪರದೆಯೂ 16.7, ನಿಜವಾದ 8 ಬಿಟ್ ಪರದೆಯೂ 16.7. ತಂತ್ರ ಸುಧಾರಿಸಿತು, ಆದರೆ ಕೊಳ್ಳುವವನಿಗೆ ಇದ್ದ ಒಂದು ಗುರುತು ಅಳಿಸಿಹೋಯಿತು.

ಎಫ್‌ಆರ್‌ಸಿ ಮೋಸ ಅಂತ ನಾನು ಹೇಳುತ್ತಿಲ್ಲ. ಅದು ಒಳ್ಳೆಯ ಎಂಜಿನಿಯರಿಂಗ್. ಪತ್ರ ಬರೆಯುವುದಕ್ಕೆ, ಓದುವುದಕ್ಕೆ, ಲೆಕ್ಕ ಬರೆಯುವುದಕ್ಕೆ ಅದು ಧಾರಾಳವಾಗಿ ಸಾಕು. ನನ್ನ ತಕರಾರು ಅದನ್ನು ಮುಚ್ಚಿಡುವುದರ ಬಗ್ಗೆ. ಈ ತಕರಾರು ಹೊಸದೂ ಅಲ್ಲ. 2007ರಲ್ಲಿ ಅಮೆರಿಕದಲ್ಲಿ ಆಪಲ್ ಕಂಪನಿಯ ಮೇಲೆ ಇದೇ ವಿಷಯಕ್ಕೆ ಕೇಸು ಹಾಕಿದ್ದರು. ಮ್ಯಾಕ್‌ಬುಕ್‌ಗಳು ಮಿಲಿಯನ್‌ಗಟ್ಟಲೆ ಬಣ್ಣ ತೋರಿಸುತ್ತವೆ ಅಂತ ಹೇಳಿ 6 ಬಿಟ್ ಪ್ಯಾನೆಲ್ ಕೊಟ್ಟಿದ್ದಾರೆ ಅನ್ನುವುದು ದೂರು.

ಈಗ ಇದೇ ಕಥೆ ಒಂದು ಅಂತಸ್ತು ಮೇಲೆ ನಡೆಯುತ್ತಿದೆ. 10 ಬಿಟ್, 1.07 ಬಿಲಿಯನ್ ಬಣ್ಣ, ಅಂದರೆ 107 ಕೋಟಿ. ಒಂದೊಂದು ಬಣ್ಣಕ್ಕೂ 1024 ಹಂತ. ಇವುಗಳಲ್ಲಿ ಎಷ್ಟೋ ಮಾನಿಟರ್‌ಗಳ ಒಳಗಿರುವುದು 8 ಬಿಟ್ ಮತ್ತು ಎಫ್‌ಆರ್‌ಸಿ. ಇಲ್ಲಿ ಹಂತಗಳು ಮೊದಲೇ ಸಣ್ಣವು. ಅವುಗಳ ನಡುವೆ ಓಡಾಡಿದರೂ ಕಣ್ಣಿಗೆ ಗೊತ್ತಾಗುವುದು ಬಹಳ ಕಷ್ಟ. ನನ್ನನ್ನು ಕೇಳಿದರೆ, 8 ಬಿಟ್ ಜೊತೆ ಎಫ್‌ಆರ್‌ಸಿ ಇದ್ದರೆ ಚಿಂತೆ ಬೇಡ. 6 ಬಿಟ್ ಜೊತೆ ಇದ್ದರೆ, ನೀವು ಚಿತ್ರದ ಕೆಲಸ ಮಾಡುವವರಾದರೆ, ಬೇಡ ಅನ್ನಿ.

ಕಂಪ್ಯೂಟರಿನ ಸೆಟ್ಟಿಂಗ್ಸ್‌ನಲ್ಲಿ 32 ಬಿಟ್ ಅಂತ ನೋಡಿ 10 ಬಿಟ್‌ಗಿಂತ ಅದೇ ದೊಡ್ಡದು ಅಂದುಕೊಳ್ಳುವವರಿದ್ದಾರೆ. ಅದು ಮೂರೂ ಬಣ್ಣ ಕೂಡಿಸಿದ ಲೆಕ್ಕ. ಮೂರು ಎಂಟಲ ಇಪ್ಪತ್ತನಾಲ್ಕು, ಉಳಿದ ಎಂಟು ಬಿಟ್ ಬಣ್ಣಕ್ಕೆ ಸೇರಿದ್ದಲ್ಲ. ಡಬ್ಬದ ಮೇಲಿನ 8, 10 ಒಂದೊಂದು ಬಣ್ಣದ ಲೆಕ್ಕ.

ಇನ್ನು ಬಣ್ಣದ ವ್ಯಾಪ್ತಿ, ಅಂದರೆ ಪರದೆ ಎಷ್ಟು ಗಾಢ ಬಣ್ಣದವರೆಗೆ ಹೋಗಬಲ್ಲದು ಅನ್ನುವುದು. ಬಿಟ್ ಜಾಸ್ತಿ ಇದ್ದರೆ ಬಣ್ಣ ಗಾಢವಾಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಹಾಗಲ್ಲ. ಒಂದು ಅಳತೆಪಟ್ಟಿ ತಗೊಳ್ಳಿ. ಅದರ ಉದ್ದವೇ ವ್ಯಾಪ್ತಿ, ಮೇಲಿನ ಗೀಟುಗಳು ಬಿಟ್. ಗೀಟು ಹೆಚ್ಚಿಸಿದರೆ ಪಟ್ಟಿ ಉದ್ದ ಆಗುವುದಿಲ್ಲ. ಪಟ್ಟಿ ಉದ್ದ ಮಾಡಿ ಅಷ್ಟೇ ಗೀಟು ಹಾಕಿದರೆ ಗೀಟುಗಳ ನಡುವಿನ ಸಂದು ಹಿರಿದಾಗುತ್ತದೆ. ಅದಕ್ಕೇ ವ್ಯಾಪ್ತಿ ದೊಡ್ಡದಿದ್ದು 8 ಬಿಟ್ ಮಾತ್ರ ಇರುವ ಪರದೆಯಲ್ಲಿ ಪಟ್ಟೆ ಕಾಣುವ ಸಾಧ್ಯತೆ ಜಾಸ್ತಿ. ಇಲ್ಲಿಯೂ ಡಬ್ಬದ ಭಾಷೆ ತೊಡಕಿನದ್ದೇ. 72% ಎನ್‌ಟಿಎಸ್‌ಸಿ ಅಂತ ಬರೆದಿರುತ್ತಾರೆ. ಎನ್‌ಟಿಎಸ್‌ಸಿ ಅಂದರೆ 1953ರ ಅಮೆರಿಕದ ಕಲರ್ ಟಿವಿ ಅಳತೆ. ಇವತ್ತಿನ ಕಂಪ್ಯೂಟರ್ ಚಿತ್ರಗಳಿಗೆ ಆಧಾರ 1996ರಲ್ಲಿ ಎಚ್‌ಪಿ ಮತ್ತು ಮೈಕ್ರೋಸಾಫ್ಟ್ ರೂಪಿಸಿದ ಎಸ್‌ಆರ್‌ಜಿಬಿ ಅನ್ನುವ ಬಣ್ಣದ ವ್ಯಾಪ್ತಿ. ಅದರ ವಿಸ್ತೀರ್ಣ ಎನ್‌ಟಿಎಸ್‌ಸಿಯ ಸುಮಾರು 72% ಆಗುತ್ತದೆ, ನಿಜ. ಆದರೆ ಎರಡು ಹೊಲಗಳ ವಿಸ್ತೀರ್ಣ ಒಂದೇ ಅಂದ ಮಾತ್ರಕ್ಕೆ ಎರಡೂ ಒಂದೇ ಜಾಗದಲ್ಲಿವೆ ಅಂತಲ್ಲ. ಎಸ್‌ಆರ್‌ಜಿಬಿಯನ್ನು ಎಷ್ಟು ಪಾಲು ಆವರಿಸುತ್ತದೆ ಅಂತ ಕೇಳಿ.

ಉಳಿದ ಸಂಖ್ಯೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ. ಕಾಂಟ್ರಾಸ್ಟ್ ಅಂದರೆ ಬಿಳಿ ಕಪ್ಪಿಗಿಂತ ಎಷ್ಟು ಪಟ್ಟು ಬೆಳಗುತ್ತದೆ ಅನ್ನುವುದು. ಮಿಲಿಯನ್‌ಗೆ ಒಂದು ಅನ್ನುವ ಡೈನಾಮಿಕ್ ಕಾಂಟ್ರಾಸ್ಟ್ ನೋಡಲೇಬೇಡಿ. ಬಿಳಿ ಬಂದಾಗ ಹಿಂದಿನ ದೀಪ ಪೂರ್ತಿ ಉರಿಸಿ, ಕಪ್ಪು ಬಂದಾಗ ಮಂದ ಮಾಡಿ, ಎರಡು ಬೇರೆ ಹೊತ್ತಿನ ಬೆಳಕನ್ನು ಭಾಗಿಸಿದ ಉತ್ತರ ಅದು. ಐಪಿಎಸ್ ಅನ್ನುವ ಬಗೆಯ ಸಾಮಾನ್ಯ ಪ್ಯಾನೆಲ್‌ನಲ್ಲಿ ಒಂದೇ ಹೊತ್ತಿಗೆ ಸಿಗುವುದು ಸುಮಾರು 1000ಕ್ಕೆ 1. ನೋಟದ ಕೋನ 178 ಡಿಗ್ರಿ ಅಂತಾರೆ. ಆ ಕೋನದಲ್ಲಿ ಕಾಂಟ್ರಾಸ್ಟ್ 10ಕ್ಕೆ 1ರವರೆಗೆ ಕುಸಿದಿದ್ದರೂ ಅದನ್ನು ಪಾಸು ಮಾಡುತ್ತಾರೆ.

ಕೊಳ್ಳುವಾಗ ಹೀಗೆ ಮಾಡಿ. ಎಷ್ಟು ಬಣ್ಣ ಅಂತ ಕೇಳಬೇಡಿ. ಪ್ಯಾನೆಲ್ ಎಷ್ಟು ಬಿಟ್, ಎಫ್‌ಆರ್‌ಸಿ ಇದೆಯಾ ಅಂತ ಕೇಳಿ. 10 ಬಿಟ್ ಕೊಂಡರೆ ಕೇಬಲ್ ಕೂಡ ನೋಡಿ. ಎಚ್‌ಡಿಎಂಐ 2.0 ಅನ್ನುವ ಸಂಪರ್ಕದಲ್ಲಿ 4ಕೆ ಚಿತ್ರ ಸೆಕೆಂಡಿಗೆ 60 ಫ್ರೇಮ್ ಹೋಗುವಾಗ ಬಣ್ಣದ ವಿವರ ಕುಗ್ಗಿಸದ 10 ಬಿಟ್‌ಗೆ ಜಾಗ ಸಾಲುವುದಿಲ್ಲ. ಪರೀಕ್ಷೆಗೆ ಸಿನಿಮಾ ಹಾಕಬೇಡಿ, ಕುಗ್ಗಿಸಿದ ವಿಡಿಯೋದಲ್ಲೇ ಪಟ್ಟೆ ಇದ್ದರೆ ಪಾಪ ಮಾನಿಟರ್ ಏನು ಮಾಡೀತು? ನೀವೇ ಬರೆದ ಬೂದು ಪಟ್ಟಿ ಹಾಕಿ.

ಅದೇ ಪಟ್ಟಿಯನ್ನು ಈಗ ಎರಡೂ ಪರದೆಯ ಮೇಲೆ ಹಾಕಿದ್ದೇನೆ. ದೀಪ ಆರಿಸೋಣ. ನಾಲ್ಕು ನಾಲ್ಕು ಜನ ಹತ್ತಿರ ಬನ್ನಿ. ಬಿಳಿ ತುದಿ ಬಿಡಿ, ಎಡಕ್ಕೆ ಕಪ್ಪಿನ ಕಡೆ ನೋಡಿ. ಒಂದು ಗೇಣು ದೂರದಲ್ಲಿ ನಿಂತು, ಒಂದು ನಿಮಿಷ ಕಣ್ಣು ಹೊಂದಿಕೊಳ್ಳಲಿ. ಇರುವೆಗಳು ಯಾವ ಪರದೆಯಲ್ಲಿ ಓಡಾಡುತ್ತಿವೆ ಅಂತ ನೀವೇ ಹೇಳಿ.