ಸುಣ್ಣಕಲ್ಲಿನ ಒಣನೆಲದ ಅಂತರ್ಜಲದಲ್ಲಿ ನೈಟ್ರೇಟ್

ಸಭಿಕರೇ,

ಕೊಳವೆಬಾವಿಯ ನೀರಿನಲ್ಲಿ ನೈಟ್ರೇಟ್ ಹೆಚ್ಚಿದೆ ಎಂಬ ವರದಿ ಬಂದ ಕೂಡಲೇ ನಾವು ಯೂರಿಯಾವನ್ನೋ, ತಿಪ್ಪೆಯನ್ನೋ, ಶೌಚಗುಂಡಿಯನ್ನೋ ದೂರುತ್ತೇವೆ. ಊರೊಳಗಿನ ಬಾವಿಗಳ ಮಟ್ಟಿಗೆ ಆ ದೂರು ಹೆಚ್ಚಾಗಿ ಸರಿಯೇ. ಆದರೆ ಗೊಬ್ಬರದ ಚೀಲವನ್ನೇ ಕಾಣದ ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ, ಮಧ್ಯ ಆಸ್ಟ್ರೇಲಿಯಾದ ಒಣ ಬಯಲುಗಳಲ್ಲಿ ಕೂಡ ಕುಡಿಯಲು ಒಗ್ಗದಷ್ಟು ನೈಟ್ರೇಟ್ ಅಂತರ್ಜಲದಲ್ಲಿ ಸಿಕ್ಕಿದೆ. ಅದು ಅಲ್ಲಿಗೆ ಬಂದದ್ದು ಹೇಗೆ ಎಂಬುದೇ ಇಂದಿನ ವಿಷಯ.

ನೈಟ್ರೇಟ್ ಎಂದರೆ ಸಾರಜನಕವೂ ಆಮ್ಲಜನಕವೂ ಕೂಡಿದ ವಸ್ತು. ಸುಣ್ಣಕಲ್ಲಿನಲ್ಲಿ ಸಾರಜನಕ ಅಷ್ಟಾಗಿ ಇರುವುದಿಲ್ಲ. ಅದು ಬರುವುದು ಮೇಲಿನ ಮಣ್ಣಿನಿಂದ. ಜಾಲಿಯ ಜಾತಿಯ ಮರಗಳ ಬೇರುಗಂಟುಗಳು, ಮಣ್ಣಿನ ಮೇಲ್ಪದರದ ನೀಲಿ-ಹಸಿರು ಪಾಚಿ, ಆಸ್ಟ್ರೇಲಿಯಾದಲ್ಲಿ ಗೆದ್ದಲ ಹುತ್ತಗಳು ಸಹ, ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತವೆ. ಬ್ಯಾಕ್ಟೀರಿಯಾಗಳು ಅದನ್ನು ನೈಟ್ರೇಟಾಗಿ ಮಾರ್ಪಡಿಸುತ್ತವೆ. ಮಳೆ ಹೆಚ್ಚಿರುವಲ್ಲಿ ಗಿಡಗಳು ಅದನ್ನು ಹೀರಿಕೊಳ್ಳುತ್ತವೆ, ಉಳಿದದ್ದು ಹೊಳೆಗೆ ಸೇರುತ್ತದೆ. ಮಳೆ ಕಡಿಮೆ ಇರುವಲ್ಲಿ ಮಾತ್ರ ಅದು ಬೇರಿನ ಕೆಳಗಿಳಿದು, ಸಾವಿರಾರು ವರ್ಷ ಅಲ್ಲಿಯೇ ಕೂಡಿಟ್ಟ ಗಂಟಿನಂತೆ ಬಿದ್ದಿರುತ್ತದೆ. ಎಂದೋ ಬಂದ ಜೋರು ಮಳೆ ಅದನ್ನು ಕೆಳಕ್ಕೆ ತಳ್ಳುತ್ತದೆ. ಸುಣ್ಣಕಲ್ಲಿನ ಪಾತ್ರ ಇಲ್ಲಿ ಬರುತ್ತದೆ. ಅದರ ಬಿರುಕುಗಳಲ್ಲಿ ನೀರು ಬೇಗ ಇಳಿಯುತ್ತದೆ, ಆಮ್ಲಜನಕವೂ ಜೊತೆಗೇ ಇಳಿಯುತ್ತದೆ, ಕೊಳೆತ ಸಸ್ಯಾಂಶ ತೀರ ಕಡಿಮೆ ಇರುತ್ತದೆ. ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿಸುವ ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕವಿಲ್ಲದ, ಇಂಗಾಲವಿರುವ ಜಾಗ ಬೇಕು. ಅದು ಅಲ್ಲಿ ದೊರೆಯದ ಕಾರಣ ನೈಟ್ರೇಟ್ ಹಾಗೆಯೇ ಉಳಿಯುತ್ತದೆ.

ಈ ಕಥೆಯನ್ನು ಚಿತ್ರದುರ್ಗಕ್ಕೆ ಹಾಗೆಯೇ ಹೊಂದಿಸಲು ಆಗದು. ಚಳ್ಳಕೆರೆ, ಹಿರಿಯೂರು ಒಣ ಸೀಮೆಗಳೇ ಹೌದು, ಆದರೆ ನಮ್ಮ ತಳಬಂಡೆ ಬಹುಪಾಲು ಗ್ರಾನೈಟ್, ನೈಸ್ ಮತ್ತು ಶಿಸ್ಟ್. ಸುಣ್ಣಕಲ್ಲು ಹೊಸದುರ್ಗದ ಮತ್ತೋಡಿನ ಕಡೆ ಪಟ್ಟಿಯಾಗಿ ಕಾಣುತ್ತದೆ. ಆದ್ದರಿಂದ ‘ಇದೆಲ್ಲ ಪ್ರಕೃತಿಯದೇ’ ಎಂದು ಚರಂಡಿಯ ತಪ್ಪನ್ನು ಮುಚ್ಚಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೂ ಒಂದು ಪಾಠ ನಮಗೆ ನೇರವಾಗಿ ತಾಗುತ್ತದೆ: ಆಫ್ರಿಕಾದ ನೈಜರ್ ದೇಶದಲ್ಲಿ ಕುರುಚಲು ಕಾಡನ್ನು ಕಡಿದು ಉತ್ತಾಗ ನೀರು ಇಂಗುವುದು ಹೆಚ್ಚಿ, ಮಣ್ಣಿನಲ್ಲಿದ್ದ ನೈಟ್ರೇಟ್ ಕೆಳಗಿಳಿಯಿತು. ಕಾವಲುಗಳ ಹುಲ್ಲುನೆಲವನ್ನು ಉಳುವ ಮುನ್ನ ಇದನ್ನು ಯೋಚಿಸಬೇಕು.

ಮೂಲವನ್ನು ಗುರುತಿಸಲು ನೈಟ್ರೇಟ್ ಒಂದರ ಅಳತೆ ಸಾಲದು. ಕೊಳಚೆ ಸೇರಿದ್ದರೆ ಕ್ಲೋರೈಡ್ ಮತ್ತು ಪೊಟ್ಯಾಸಿಯಂ ಕೂಡ ಏರಿರುತ್ತವೆ. ಸಾರಜನಕದ ಐಸೊಟೋಪ್ ಪರೀಕ್ಷೆಯಲ್ಲಿ, ಅಂದರೆ ಭಾರದ ಮತ್ತು ಹಗುರ ಸಾರಜನಕ ಪರಮಾಣುಗಳ ಅನುಪಾತವನ್ನು ಗಾಳಿಯಲ್ಲಿನ ಅನುಪಾತಕ್ಕೆ (ಅದೇ ಸೊನ್ನೆ) ಹೋಲಿಸಿ ನೋಡಿದಾಗ, ರಾಸಾಯನಿಕ ಗೊಬ್ಬರದ ನೈಟ್ರೇಟ್ ಸೊನ್ನೆಯ ಆಸುಪಾಸಿನಲ್ಲಿ, ಸಗಣಿ-ಮಲದ್ದು ಅದಕ್ಕಿಂತ ಬಹಳ ಮೇಲೆ ನಿಲ್ಲುತ್ತದೆ. ಮಣ್ಣಿನ ಸಹಜ ನೈಟ್ರೇಟ್ ನಡುವೆ ಬರುವುದರಿಂದ ಗೊಂದಲ ಉಳಿಯುವುದುಂಟು.

ಕುಡಿಯುವ ನೀರಿನ ನೈಟ್ರೇಟಿಗೆ ಭಾರತೀಯ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಮೂಲ ಯಾವುದೇ ಇರಲಿ, ಮಿತಿ ಮೀರಿದ ನೀರಿನಿಂದ ಬಾಟಲಿ ಹಾಲು ಕಲಸಿ ಹಸುಗೂಸಿಗೆ ಕುಡಿಸಿದರೆ ಅದರ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ, ನೀರು ಆವಿಯಾಗಿ ಅದರ ಪ್ರಮಾಣ ಇನ್ನಷ್ಟು ಏರುತ್ತದೆ.