ಓಲ್ ಮ್ಯಾನ್ ರಿವರ್: ಎರಡು ಸಾಲು ಬದಲಾದಾಗ

ನಮಸ್ಕಾರ. ಇವತ್ತು ಒಂದೇ ಒಂದು ಹಾಡಿನ ಬಗ್ಗೆ ಮಾತಾಡೋಣ. ‘ಓಲ್ ಮ್ಯಾನ್ ರಿವರ್’. ನನಗೆ ತುಂಬಾ ಇಷ್ಟದ ಹಾಡು, ಹಾಗಾಗಿ ಸ್ವಲ್ಪ ಜಾಸ್ತಿ ಹೊಗಳಿದರೆ ಸಹಿಸಿಕೊಳ್ಳಿ.

ಇದು ‘ಶೋ ಬೋಟ್’ ಅನ್ನೋ ಸಂಗೀತ ನಾಟಕದ ಹಾಡು. ನ್ಯೂಯಾರ್ಕಿನ ರಂಗಮಂದಿರಗಳ ಬೀದಿ ಬ್ರಾಡ್‌ವೇಯಲ್ಲಿ ಮೊದಲ ಆಟ ನಡೆದದ್ದು 1927ರ ಡಿಸೆಂಬರ್ 27ರಂದು. ಎಡ್ನಾ ಫರ್ಬರ್ ಅವರ ಕಾದಂಬರಿ, ಜೆರೋಮ್ ಕರ್ನ್ ಸಂಗೀತ, ಮಾತು ಮತ್ತು ಸಾಹಿತ್ಯ ಆಸ್ಕರ್ ಹ್ಯಾಮರ್‌ಸ್ಟೈನ್ ಅವರದು. ಆ ಕಾಲದ ಬ್ರಾಡ್‌ವೇ ಆಟಗಳಲ್ಲಿ ಕುಣಿತ, ನಗು, ಥಳಕು ಇದ್ದರೆ ಸಾಕಿತ್ತು. ಇವರು ಅಮೆರಿಕದ ಮಿಸಿಸಿಪ್ಪಿ ನದಿಯ ಮೇಲೆ ಊರೂರು ಸುತ್ತುವ ಒಂದು ನಾಟಕದ ದೋಣಿಯ ಕಥೆ ತಂದರು. ನಮ್ಮ ಕಂಪನಿ ನಾಟಕದವರು ಊರಿಂದ ಊರಿಗೆ ಕ್ಯಾಂಪ್ ಹಾಕುತ್ತಿದ್ದರಲ್ಲ, ಹಾಗೆ. ಆ ದೋಣಿಯಲ್ಲಿ ಜೂಲಿ ಅಂತ ಒಬ್ಬ ನಟಿ. ಅವಳ ತಾಯಿ ಕಪ್ಪು ಜನಾಂಗದವಳು, ಗಂಡ ಬಿಳಿಯ, ಮತ್ತು ಅಲ್ಲಿನ ಕಾನೂನಿನಲ್ಲಿ ಆ ಮದುವೆಯೇ ಅಪರಾಧ. ಇಂಥದ್ದನ್ನು 1927ರಲ್ಲಿ ರಂಗಕ್ಕೆ ತಂದದ್ದು ಸಣ್ಣ ಮಾತಲ್ಲ.

ಹಾಡೋದು ಜೋ. ದಡದಲ್ಲಿ ಹತ್ತಿ ಮೂಟೆ ಹೊರುವ ಕಪ್ಪು ಕೂಲಿಯಾಳು. ಕಥೆ 1880ರ ದಶಕದಿಂದ 1927ರವರೆಗೆ ನಡೆಯುತ್ತದೆ, ಅಷ್ಟರಲ್ಲಿ ಮದುವೆಗಳು ಮುರಿಯುತ್ತವೆ, ಮಕ್ಕಳು ದೊಡ್ಡವರಾಗುತ್ತಾರೆ, ದುಡ್ಡು ಬರುತ್ತದೆ ಹೋಗುತ್ತದೆ, ಜೋ ಮಾತ್ರ ನಡುನಡುವೆ ಬಂದು ಅದೇ ಹಾಡು ಹಾಡುತ್ತಾನೆ. ನದಿಗೆ ಎಲ್ಲಾ ಗೊತ್ತು, ಏನೂ ಹೇಳೋದಿಲ್ಲ, ಸುಮ್ನೆ ಹರೀತಾ ಇರುತ್ತೆ ಅಂತ.

ರಾಗ ನೋಡಿ ಎಷ್ಟು ಸರಳ! ಪಲ್ಲವಿಯ ಬಹುಪಾಲು ಐದೇ ಸ್ವರ, ಸ ರಿ ಗ ಪ ದ, ನಮ್ಮ ಮೋಹನದಲ್ಲಿ ಬರೋ ಸ್ವರಗಳೇ. ‘ಪ ಪ ದ ಸ’ ಅಂತ ಶುರು. ಆದರೆ ಹಾಡೋಕೆ ಸುಲಭ ಅಂದುಕೊಳ್ಳಬೇಡಿ, ಕೆಳಗಿನ ಸ್ವರದಿಂದ ಮೇಲಿನ ಸ್ವರಕ್ಕೆ ಒಂದೂವರೆ ಸ್ಥಾಯಿಗಿಂತ ಜಾಸ್ತಿ ಅಂತರ ಇದೆ. ತಳದಲ್ಲಿ ದನಿ ಗಟ್ಟಿ ಇರಬೇಕು, ಮೇಲೆ ಹೋದಾಗ ಬಿರಿಯಬಾರದು.

ಜೋ ಪಾತ್ರ ಬರೆಯುವಾಗ ಕರ್ನ್ ಮತ್ತು ಹ್ಯಾಮರ್‌ಸ್ಟೈನ್ ಮನಸ್ಸಿನಲ್ಲಿದ್ದದ್ದು ಕಪ್ಪು ಜನಾಂಗದ ಗಾಯಕ, ನಟ ಪಾಲ್ ರೋಬ್ಸನ್. ಮೊದಲ ಆಟಕ್ಕೆ ಅವರು ಸಿಗಲಿಲ್ಲ, ಜೂಲ್ಸ್ ಬ್ಲೆಡ್ಸೋ ಹಾಡಿದರು. 1928ರಲ್ಲಿ ಲಂಡನ್‌ನಲ್ಲಿ, ಆಮೇಲೆ 1936ರ ಸಿನಿಮಾದಲ್ಲಿ ರೋಬ್ಸನ್ ಹಾಡಿದರು. ಅವರ ತಂದೆ ಗುಲಾಮರಾಗಿ ಹುಟ್ಟಿ ತಪ್ಪಿಸಿಕೊಂಡು ಬಂದವರು. ಅಂಥ ಮನೆಯ ಮಗನಿಗೆ ಹಾಡಿನ ಕೊನೆಯ ಸಾಲುಗಳು ಒಪ್ಪಿಗೆಯಾಗಲಿಲ್ಲ. ಮೂಲದಲ್ಲಿ ಜೋ ಹೇಳೋದು ಇಷ್ಟು: ಪಾಡು ಪಟ್ಟೂ ಪಟ್ಟೂ ಸಾಕಾಗಿದೆ, ಬದುಕೋಕೆ ಬೇಸರ, ಸಾಯೋಕೆ ಭಯ. ರೋಬ್ಸನ್ ತಮ್ಮ ಕಛೇರಿಗಳಲ್ಲಿ ಅದನ್ನು ಬದಲಿಸಿದರು. ಅಳೋ ಬದಲು ನಗ್ತೀನಿ, ಸಾಯೋವರೆಗೂ ಹೋರಾಡ್ತಾನೇ ಇರಬೇಕು ಅಂತ. ಕುಡಿದರೆ ಜೈಲು ಅಂತಿದ್ದ ಕಡೆ, ಎದೆಗಾರಿಕೆ ತೋರಿಸಿದರೆ ಜೈಲು ಅಂತ ಮಾಡಿದರು.

ಹ್ಯಾಮರ್‌ಸ್ಟೈನ್ ಬರೆದದ್ದು ತಪ್ಪು ಅಂತ ನಾನು ಹೇಳೋದಿಲ್ಲ. ಆ ಕಾಲದ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಒಬ್ಬ ಕಪ್ಪು ಕೂಲಿಯಾಳು ಬಾಯಿ ಬಿಟ್ಟು ಇನ್ನೇನು ಹೇಳೋಕೆ ಸಾಧ್ಯವಿತ್ತು? ಆದರೆ ರಾಗವನ್ನು ಕೇಳಿ. ಸುಸ್ತಾಗಿದೆ ಅನ್ನೋ ಆ ಸಾಲಿನಲ್ಲೇ ಕರ್ನ್ ಅವರ ಸ್ವರ ಮೆಟ್ಟಿಲು ಮೆಟ್ಟಿಲಾಗಿ ಮೇಲೇರುತ್ತದೆ. ಮಾತು ಕುಸಿಯುತ್ತಿದೆ, ಸ್ವರ ಏಳುತ್ತಿದೆ. ರೋಬ್ಸನ್ ಮಾತು ಬಂದು ಕೂತಾಗ ಎರಡೂ ಒಟ್ಟಿಗೆ ಏಳುತ್ತವೆ. ಆ ಸ್ವರ ಮೊದಲಿಂದಲೂ ಈ ಮಾತಿಗೇ ಕಾದಿತ್ತೇನೋ ಅನ್ನಿಸುತ್ತದೆ ನನಗೆ.

ಅವರ ಹೋರಾಟ ಹಾಡಿಗಷ್ಟೇ ನಿಲ್ಲಲಿಲ್ಲ, ಅಲ್ವಾ? ಅವರ ರಾಜಕೀಯ ನಿಲುವಿಗಾಗಿ 1950ರಲ್ಲಿ ಅಮೆರಿಕ ಸರ್ಕಾರ ಅವರ ಪಾಸ್‌ಪೋರ್ಟ್ ಕಿತ್ತುಕೊಂಡಿತು, ವಾಪಸ್ ಸಿಕ್ಕಿದ್ದು 1958ರಲ್ಲಿ. ಈ ನಡುವೆ 1957ರಲ್ಲಿ ಅಟ್ಲಾಂಟಿಕ್ ಸಾಗರದಡಿಯ ಟೆಲಿಫೋನ್ ಕೇಬಲ್ ಮೂಲಕ ವೇಲ್ಸ್‌ನ ಗಣಿ ಕಾರ್ಮಿಕರಿಗೆ ಹಾಡಿದರು. ದೇಶ ಬಿಡಬಾರದು ಅಂದರೆ ದನಿಯನ್ನೇ ಕಳಿಸಿದರು.

ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ನಮ್ಮ ಅಸ್ಸಾಮಿನ ಗಾಯಕ ಭೂಪೇನ್ ಹಜಾರಿಕಾ ಅವರಿಗೆ ರೋಬ್ಸನ್ ಪರಿಚಯವಾಯಿತು. ಹಜಾರಿಕಾ ಅವರ ಅಸ್ಸಾಮಿ ಹಾಡು ‘ಬಿಸ್ತೀರ್ಣ ಪಾರರೆ’ ಹುಟ್ಟಿದ್ದು ಈ ಹಾಡಿನ ಪ್ರೇರಣೆಯಿಂದಲೇ. ಹಿಂದಿಯಲ್ಲಿ ‘ಗಂಗಾ ಬೆಹತಿ ಹೋ ಕ್ಯೂಂ’ ಅಂತ ನೀವು ಕೇಳಿರಬಹುದು. ಹಜಾರಿಕಾ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡೂ ದಡದ ಜನ ಗೋಳಾಡುತ್ತಿದ್ದರೂ ನೀನು ಯಾಕೆ ಸುಮ್ಮನೆ ಹರೀತೀಯ ಅಂತ ನದಿಯನ್ನೇ ತರಾಟೆಗೆ ತೆಗೆದುಕೊಂಡರು.

ಬಿಡುವಾದಾಗ ಮೊದಲು 1936ರ ಸಿನಿಮಾದ ಹಾಡು ಕೇಳಿ, ಆಮೇಲೆ ರೋಬ್ಸನ್ ಅವರ ನಂತರದ ಕಛೇರಿಯ ಯಾವುದಾದರೂ ಒಂದು ಧ್ವನಿಮುದ್ರಣ, ಕೊನೆಗೆ ಹಜಾರಿಕಾ. ಇದೇ ಕ್ರಮದಲ್ಲಿ ಕೇಳಿ, ಮೊದಲ ಎರಡರಲ್ಲಿ ಕೊನೆಯ ಏರಿಕೆಗೆ ಬಂದಾಗ ಬೇರೆ ಕೆಲಸ ಬಿಟ್ಟು ಮಾತುಗಳ ಕಡೆ ಕಿವಿಗೊಡಿ. ನಮಸ್ಕಾರ.